ರಾಯಚೂರಿನ ಬಿಸಿಲಿಗೆ ಎಂಥ ಪರಿಮಳದ ಪಿಲ್ಲರ್ ಕ್ಯಾಂಡಲ್ ತಗೊಳ್ಳಬೇಕು?

ನಮ್ಮ ಕಡೆ ಮೊದಲು ನೋಡಬೇಕಾದ್ದು ಪರಿಮಳ ಅಲ್ಲ, ಮೇಣ. ಪಿಲ್ಲರ್ ಕ್ಯಾಂಡಲ್ ಅಂದರೆ ಕಂಬದಂತೆ ತಾನೇ ನಿಲ್ಲುವ ದಪ್ಪ ಮೇಣದಬತ್ತಿ, ಅದಕ್ಕೆ ಗಾಜಿನ ಆಸರೆ ಇರುವುದಿಲ್ಲ. ಏಪ್ರಿಲ್, ಮೇನಲ್ಲಿ ರಾಯಚೂರು 40 ಡಿಗ್ರಿ ದಾಟುತ್ತದೆ. ಬರೀ ಸೋಯಾ ಮೇಣ 50 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕೂ ಮುಂಚೆಯೇ ಮೆತ್ತಗಾಗಿ ವಾಲುತ್ತದೆ. ಜೇನುಮೇಣ 62ರಿಂದ 64 ಡಿಗ್ರಿವರೆಗೆ ತಡೆಯುತ್ತದೆ, ಆದರೆ ದುಬಾರಿ. ಗಟ್ಟಿ ಪ್ಯಾರಾಫಿನ್ (ಪೆಟ್ರೋಲಿಯಂನಿಂದ ಬರುವ ಮೇಣ) ಆದರೂ ನಡೆಯುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಗುರುತು ಬೀಳುವಂಥದ್ದು ಬೇಡ. ತಗಡಿನ ಮಾಳಿಗೆ ಕೆಳಗೋ ಕಿಟಕಿ ಬಿಸಿಲಲ್ಲೋ ಇಡಬೇಡಿ.

ಇನ್ನು ಫ್ಯಾನ್. ಅದಿಲ್ಲದೆ ನಾವು ಕೂರೋದೇ ಇಲ್ಲ, ಅಲ್ವಾ? ಗಾಳಿಗೆ ಜ್ವಾಲೆ ಅಲುಗಾಡಿದರೆ ಮಸಿ ಏಳುತ್ತದೆ, ಮೇಣ ಒಂದೇ ಪಕ್ಕಕ್ಕೆ ಸೋರುತ್ತದೆ. ಹಾಗಾಗಿ ಇದನ್ನು ಚಳಿಗಾಲದ ಸಂಜೆಗೆ ಇಟ್ಟುಕೊಳ್ಳುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಅಗಲ 3 ಇಂಚಿನದ್ದು ಮನೆಗೆ ಸಾಕು. ಮೊದಲ ಸಲ ಇಂಚಿಗೆ ಒಂದು ಗಂಟೆಯಂತೆ ಸುಮಾರು 3 ಗಂಟೆ ಉರಿಸಿ. ಬೇಗ ಆರಿಸಿದರೆ ನಡುವೆ ಮಾತ್ರ ಗುಳಿ ಬಿದ್ದು, ಸುತ್ತಲಿನ ಮೇಣ ಸುಮ್ನೆ ಹಾಳಾಗುತ್ತದೆ.

ಪರಿಮಳ ನಿಮ್ಮ ಇಷ್ಟ. ಅಂಗಡಿಯಲ್ಲಿ ಮೂಗಿಗೆ ಘಮ್ ಅಂದದ್ದೆಲ್ಲ ಹಚ್ಚಿದಾಗ ಹಾಗೇ ಬರುವುದಿಲ್ಲ. ಚಿಕ್ಕ ಕೋಣೆಗೆ ಗಂಧ, ಲ್ಯಾವೆಂಡರ್‌ನಂಥ ಹಗುರ ವಾಸನೆ ಒಳ್ಳೆಯದು. ಮಲ್ಲಿಗೆ ಜಾಸ್ತಿಯಾದರೆ ತಲೆನೋವು ಬರಬಹುದು. ಊಟದ ಜಾಗದಲ್ಲಿ ಯಾವುದೂ ಬೇಡ, ಸಾರಿನ ಒಗ್ಗರಣೆ ಘಮ ಸಾಕು! ಹಚ್ಚುವ ಮುಂಚೆ ಬತ್ತಿಯನ್ನು 6 ಮಿಲಿಮೀಟರ್‌ಗೆ ಕತ್ತರಿಸಿ, ಕೆಳಗೆ ಸ್ಟೀಲ್ ತಟ್ಟೆ ಇಡಿ.