ಫೈರ್‌ವಾಲ್ ಹಾಕಿದರೂ 3306 ತೆರೆದೇ ಇದೆ!

ಪ್ರಶ್ನೆ: ಉಬುಂಟು ಸರ್ವರ್‌ನಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಪ್ರತ್ಯೇಕವಾಗಿ ಓಡುವ ಡಬ್ಬಿಯಂಥ ಆವರಣ) ನಡೆಸುತ್ತಿದ್ದೇವೆ. ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ ಅದರ ಪೋರ್ಟ್ 3306 ಮುಚ್ಚಿದೆ. ಆದರೂ ಹೊರಗಿನಿಂದ ರೂಟ್ (ಮುಖ್ಯ ಆಡಳಿತ ಖಾತೆ) ಹೆಸರಲ್ಲಿ ಲಾಗಿನ್ ಯತ್ನಗಳು ಬರುತ್ತಿವೆ. ಹೇಗೆ?

ಉತ್ತರ: ತಪ್ಪು ಫೈರ್‌ವಾಲ್‌ನದ್ದಲ್ಲ. ಡಾಕರ್ ತಾನೇ ಐಪಿಟೇಬಲ್ಸ್ (ಲಿನಕ್ಸ್‌ನ ಪ್ಯಾಕೆಟ್ ಸೋಸುವ ವ್ಯವಸ್ಥೆ) ನಿಯಮ ಬರೆದು, ಪ್ಯಾಕೆಟ್‌ಗಳನ್ನು ನ್ಯಾಟ್ (ವಿಳಾಸ ಬದಲಿಸುವ) ಹಂತದಲ್ಲೇ ಕಂಟೇನರ್‌ನತ್ತ ತಿರುಗಿಸುತ್ತದೆ. ಯುಎಫ್‌ಡಬ್ಲ್ಯುನ ನಿಯಮದ ಹತ್ತಿರ ಅವು ಸುಳಿಯುವುದೇ ಇಲ್ಲ. ಹಲವರು ಎಡವುವುದು ಇಲ್ಲೇ.

ಕಾಂಪೋಸ್ ಫೈಲಿನಲ್ಲಿ (ಕಂಟೇನರ್ ಹೇಗೆ ಓಡಬೇಕೆಂದು ಬರೆದಿಡುವ ಫೈಲು) "3306:3306" ಎಂದಿದ್ದರೆ ಸರ್ವರ್‌ನ ಎಲ್ಲ ನೆಟ್‌ವರ್ಕ್ ಇಂಟರ್‌ಫೇಸ್‌ಗಳಿಗೂ ಬಾಗಿಲು ತೆರೆದಂತೆ. ಅದನ್ನು "127.0.0.1:3306:3306" ಮಾಡಿ, ಆಗ ಆ ಸರ್ವರ್ ಒಳಗಿನಿಂದ ಮಾತ್ರ ತಲುಪಬಹುದು. ಬರೀ ರೀಸ್ಟಾರ್ಟ್ ಸಾಲದು, 'ಅಪ್' ಕಮಾಂಡ್ ಕೊಟ್ಟು ಕಂಟೇನರನ್ನು ಹೊಸದಾಗಿ ಕಟ್ಟಿಸಿ. ಡೇಟಾ ವಾಲ್ಯೂಮ್‌ನಲ್ಲಿದೆಯೇ (ಕಂಟೇನರ್ ಹೊರಗಿನ ಶಾಶ್ವತ ಸಂಗ್ರಹ) ಎಂದು ಮೊದಲೇ ನೋಡಿಕೊಳ್ಳಿ, ಇಲ್ಲವಾದರೆ ಹಳೆ ಕಂಟೇನರ್ ಜೊತೆ ಅದೂ ಹೋದೀತು! ಡೇಟಾಬೇಸ್ ಬಳಸುವ ಆಪ್ ಕೂಡ ಅದೇ ಡಾಕರ್ ನೆಟ್‌ವರ್ಕ್‌ನಲ್ಲಿದ್ದರೆ ಪೋರ್ಟ್ ಸಾಲನ್ನೇ ಅಳಿಸಿಬಿಡಿ; ಸರ್ವಿಸ್ ಹೆಸರಿನಿಂದಲೇ ಸಂಪರ್ಕ ಸಿಗುತ್ತದೆ. ದೂರದಿಂದ ನೋಡಬೇಕೆಂದರೆ ಎಸ್‌ಎಸ್‌ಎಚ್ ಟನಲ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಬಳಸಿ.

ಇನ್ನೊಂದು ಮಾತು: ಮೈಎಸ್‌ಕ್ಯೂಎಲ್‌ನ ಅಧಿಕೃತ ಇಮೇಜ್ (ಕಂಟೇನರ್ ತಯಾರಾಗುವ ಅಚ್ಚು) ಎಲ್ಲಿಂದಲಾದರೂ ಒಳಬರಬಲ್ಲ ರೂಟ್ ಖಾತೆಯನ್ನೂ (ಹೋಸ್ಟ್ '%') ಸೃಷ್ಟಿಸುತ್ತದೆ. ಲೋಕಲ್‌ಹೋಸ್ಟ್ ರೂಟ್ ಕಂಟೇನರ್ ಒಳಗಿನಿಂದ ಕೆಲಸ ಮಾಡುತ್ತಿದೆಯೆಂದು ಖಾತ್ರಿಯಾದ ಮೇಲೆ ಈ '%' ರೂಟ್ ಖಾತೆಯನ್ನು ಡ್ರಾಪ್ ಮಾಡಿ (ಅಳಿಸಿ). ಆಪ್‌ಗೆ ಬೇರೆಯೇ ಬಳಕೆದಾರ ಇರಲಿ, ಅದಕ್ಕೆ ತನ್ನ ಡೇಟಾಬೇಸಿನ ಮೇಲಷ್ಟೇ ಅಧಿಕಾರ.