ಅಮೆರಿಕದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಿಗೆ ಸಿಕ್ಕ ಪರಿಹಾರವನ್ನು ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನ ಯಾಕೆ ಮುಟ್ಟುತ್ತಿಲ್ಲ?

ಮುಟ್ಟಿದರೆ ನೆಲ ಮಾರಿದ್ದನ್ನು ಒಪ್ಪಿದಂತೆ, ಅದಕ್ಕೇ. 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಬ್ಲ್ಯಾಕ್ ಹಿಲ್ಸ್ ಸೇರಿ ಈಗಿನ ಸೌತ್ ಡಕೋಟಾದ ಪಶ್ಚಿಮ ಭಾಗವನ್ನು ಅಮೆರಿಕ ಸರ್ಕಾರ ಅವರಿಗೇ ಬರೆದುಕೊಟ್ಟಿತ್ತು. ಮುಖ್ಯವಾದದ್ದು 12ನೇ ವಿಧಿ: ವಯಸ್ಕ ಗಂಡಸರಲ್ಲಿ ಮುಕ್ಕಾಲು ಪಾಲು ಸಹಿ ಹಾಕದೆ ಮೀಸಲು ನೆಲದ ಯಾವ ಭಾಗವನ್ನು ಬಿಟ್ಟುಕೊಟ್ಟರೂ ಅದು ಊರ್ಜಿತವಲ್ಲ.

1874ರಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ದಂಡು ಅಲ್ಲಿ ಚಿನ್ನ ಕಂಡಿತು. 1876ರಲ್ಲಿ ಬೆಟ್ಟ ಬಿಡದಿದ್ದರೆ ಪಡಿತರವಿಲ್ಲ ಎಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಬೆದರಿಸಿತು. ಹಸಿವಿನ ಹೆದರಿಕೆ ಇದ್ದರೂ ಸಹಿ ಬಿದ್ದದ್ದು ಶೇ. 10ರಷ್ಟು ಮಾತ್ರ, 1877ರಲ್ಲಿ ಕಾನೂನು ಮಾಡಿಯೇ ಕಿತ್ತುಕೊಂಡರು.

1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1.71 ಕೋಟಿ ಡಾಲರ್ ಪರಿಹಾರ ಮತ್ತು 1877ರಿಂದ ಶೇ. 5 ಬಡ್ಡಿಯನ್ನು ಎತ್ತಿಹಿಡಿಯಿತು. ಆ ದಾವೆಯಲ್ಲಿ ನೆಲ ವಾಪಸು ಕೊಡಿಸಲು ಅವಕಾಶವೇ ಇರಲಿಲ್ಲ. ದುಡ್ಡು ಈಗ ಖಜಾನೆಯಲ್ಲೇ ಬೆಳೆದು ನೂರು ಕೋಟಿ ಡಾಲರ್ ದಾಟಿದೆ.