ಕಕುಮಾದ ಮಕ್ಕಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆನ್ಯಾದ ವಾಯವ್ಯ ಮೂಲೆಯಲ್ಲಿರುವ ಕಕುಮಾ ನಿರಾಶ್ರಿತರ ಶಿಬಿರದಲ್ಲಿ ದಕ್ಷಿಣ ಸುಡಾನಿನ ಮಕ್ಕಳಿಗೆ ಪಾಠ ಹೇಳಿದ ವರ್ಷಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಬಹಳ ಜನ ಪತ್ರ ಬರೆದಿದ್ದೀರಿ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಮ್ಮ ಮಹಡಿ ಮನೆಯಲ್ಲಿ ದಕ್ಷಿಣ ಸುಡಾನಿನ ಇಬ್ಬರು ವಿದ್ಯಾರ್ಥಿಗಳು ಬಾಡಿಗೆಗೆ ಇದ್ದಾರೆ. ಇಬ್ಬರ ಪಾಸ್‌ಪೋರ್ಟಿನಲ್ಲೂ ಹುಟ್ಟಿದ ದಿನ ಜನವರಿ 1 ಎಂದೇ ಇದೆ. ಇದು ಖೋಟಾ ದಾಖಲೆ ಎಂದು ಅಕ್ಕಪಕ್ಕದವರು ಹೆದರಿಸುತ್ತಿದ್ದಾರೆ. ಇನ್ನೊಂದು ಮಾತು: ಕಾಲೇಜು ಓದುತ್ತಿರುವ ನನ್ನ ಮಗಳಿಗೆ ಅವರಿಂದ ಯುದ್ಧದ ಅನುಭವ ಕೇಳಬೇಕೆಂಬ ಆಸೆ. ಕೇಳಬಹುದೇ?
— ಮನೆ ಮಾಲೀಕರು, ಧಾರವಾಡ

ಉತ್ತರ: ಹೆದರಬೇಡಿ. ನನ್ನ ಹಾಜರಿ ಪುಸ್ತಕದ ಪುಟಪುಟವೂ ಜನವರಿ 1ರಿಂದ ತುಂಬಿರುತ್ತಿತ್ತು. ಜನನ ನೋಂದಣಿ ಇಲ್ಲದ ಊರಿನಿಂದ, ಹೇಳಲು ತಾಯಿಯೂ ಜೊತೆಗಿಲ್ಲದೆ ಬಂದ ಮಗುವಿನ ವಯಸ್ಸನ್ನು ಅಧಿಕಾರಿಗಳು ಎತ್ತರ ನೋಡಿ, ಹಲ್ಲು ನೋಡಿ ಅಂದಾಜು ಮಾಡುತ್ತಿದ್ದರು. ವರ್ಷ ಗೊತ್ತಾದರೆ ಸಾಕು, ದಿನದ ಜಾಗದಲ್ಲಿ ಜನವರಿ 1 ಬೀಳುತ್ತಿತ್ತು. ನಮ್ಮಲ್ಲಿ ಹಿಂದಿನ ತಲೆಮಾರಿನ ಎಷ್ಟೋ ಜನರ ಶಾಲಾ ದಾಖಲೆಯಲ್ಲಿ ಮೇಷ್ಟರು ಜೂನ್ 1 ಎಂದು ಬರೆದುಕೊಂಡರಲ್ಲ, ಹಾಗೆಯೇ ಇದು. ಅಕ್ಕಪಕ್ಕದವರಿಗೆ ಇದನ್ನೇ ಹೇಳಿ. ಮಾಲೀಕರಾಗಿ ನೀವು ನೋಡಿಕೊಳ್ಳಬೇಕಾದದ್ದು ವಿದೇಶಿಯರು ವಾಸಕ್ಕೆ ಬಂದಾಗ ಮನೆ ಮಾಲೀಕರು ಅಧಿಕಾರಿಗಳಿಗೆ ಸಲ್ಲಿಸಬೇಕಾದ ಮಾಹಿತಿ ನಮೂನೆ ಒಂದನ್ನು. ಅದು ಸರಿಯಾಗಿದ್ದರೆ ನಿಮಗೆ ಬೇರೆ ಚಿಂತೆ ಬೇಡ.

ಮಗಳ ವಿಷಯಕ್ಕೆ ಬರುತ್ತೇನೆ. ಆ ಹುಡುಗರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸಾಗಿದ್ದರೆ, 2013ರ ಡಿಸೆಂಬರಿನಲ್ಲಿ ರಾಜಧಾನಿ ಜುಬಾದಲ್ಲಿ ಡಿಂಕಾ ಬುಡಕಟ್ಟಿನ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ನುಯೆರ್ ಬುಡಕಟ್ಟಿನ ಮಾಜಿ ಉಪಾಧ್ಯಕ್ಷ ರಿಯೆಕ್ ಮಚಾರ್ ಪಡೆಗಳ ನಡುವೆ ಗುಂಡು ಹಾರಿದಾಗ ಅವರು ಇನ್ನೂ ಚಿಕ್ಕವರು. ಆ ದಿನಗಳಲ್ಲಿ ಮನೆಮನೆಗೆ ನುಗ್ಗಿ, ನುಯೆರ್ ಜನರನ್ನು ಗುರುತಿಸಿ ಕೊಂದರು. ಬೇರೆ ಊರುಗಳಲ್ಲಿ ಅದಕ್ಕೆ ಪ್ರತೀಕಾರವಾಗಿ ಡಿಂಕಾ ಜನರನ್ನು ಕೊಂದರು. ಆದ್ದರಿಂದ ‘ನಿಮ್ಮದು ಯಾವ ಬುಡಕಟ್ಟು’ ಎಂಬ ಪ್ರಶ್ನೆಯನ್ನು ನಿಮ್ಮ ಮಗಳು ಕೇಳದಿರಲಿ. ನಮಗೆ ಕುತೂಹಲದ ಪ್ರಶ್ನೆ. ಅವರಿಗೆ ಅದನ್ನು ಕೇಳಿದವನ ಕೈಯಲ್ಲಿ ಬಂದೂಕಿತ್ತು. ಯುದ್ಧವನ್ನೂ ತಾನಾಗಿ ಕೆದಕುವುದು ಬೇಡ. ಊಟಕ್ಕೆ ಕರೆಯಿರಿ, ಊರಿನ ದನಗಳ ಬಗ್ಗೆ ಕೇಳಿ. ಆ ನಾಡಿನ ಬಹುಪಾಲು ಜನ ದನಗಾಹಿಗಳು. ಎತ್ತಿನ ಮೈಬಣ್ಣದ ಮೇಲೆ ಮಗನಿಗೆ ಹೆಸರಿಡುತ್ತಾರೆ, ತನ್ನ ಎತ್ತಿನ ಮೇಲೆ ತಾನೇ ಹಾಡು ಕಟ್ಟಿ ಹಾಡುತ್ತಾರೆ. ಅಲ್ಲಿಂದ ಮಾತು ಶುರುವಾದರೆ ಉಳಿದದ್ದನ್ನು ಹೇಳಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಕಾಲೇಜಿನ ಪ್ರಬಂಧಕ್ಕಾಗಿ ಯಾರ ಗಾಯದ ಪಟ್ಟಿಯನ್ನೂ ಬಿಚ್ಚಿಸಬಾರದು.

ಪ್ರಶ್ನೆ: ಏಳೆಂಟು ವರ್ಷದ ಹುಡುಗರು ತಂದೆತಾಯಿ ಇಲ್ಲದೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ನಡೆದರೆಂದು ಬರೆದಿದ್ದೀರಿ. ಮೊಮ್ಮಕ್ಕಳಿರುವ ನನಗೆ ಇದು ನಂಬಲು ಕಷ್ಟವಾಯಿತು.
— ನಿವೃತ್ತ ಅಂಚೆ ನೌಕರರು, ಸಾಗರ

ಉತ್ತರ: ನಂಬಲು ಕಷ್ಟ, ಆದರೆ ನಡೆದದ್ದು. ದಕ್ಷಿಣ ಸುಡಾನ್ ಆಗ ಬೇರೆ ದೇಶವಲ್ಲ, ಸುಡಾನಿನ ಭಾಗ. ಸುಡಾನಿನ ಎರಡನೆಯ ಅಂತರ್ಯುದ್ಧ 1983ರಲ್ಲಿ ಆರಂಭವಾಯಿತು. ದಕ್ಷಿಣಕ್ಕೆ 1972ರ ಒಪ್ಪಂದದಲ್ಲಿ ಸಿಕ್ಕಿದ್ದ ಸ್ವಾಯತ್ತೆಯನ್ನು ಅಧ್ಯಕ್ಷ ನಿಮೇರಿ ಕಿತ್ತುಕೊಂಡರು, ಇಡೀ ದೇಶಕ್ಕೆ ಷರಿಯಾ ಕಾನೂನು ಹೇರಿದರು. ದಕ್ಷಿಣದ ನೆಲದಲ್ಲಿ ಎಣ್ಣೆಯೂ ಸಿಕ್ಕಿತ್ತು. ಬೋರ್ ಪಟ್ಟಣದಲ್ಲಿ ಸೈನಿಕರು ದಂಗೆಯೆದ್ದರು, ಜಾನ್ ಗರಾಂಗ್ ನೇತೃತ್ವದಲ್ಲಿ ಬಂಡಾಯ ಸೇನೆ ಹುಟ್ಟಿತು. ಅದನ್ನು ಬಗ್ಗುಬಡಿಯಲು ಸರ್ಕಾರ ಕುದುರೆ ಸವಾರರ ಪಡೆಗಳಿಗೆ ಬಂದೂಕು ಕೊಟ್ಟು ಹಳ್ಳಿಗಳ ಮೇಲೆ ಬಿಟ್ಟಿತು, ಮೇಲಿನಿಂದ ವಿಮಾನಗಳು ಬಾಂಬು ಸುರಿದವು.

ಹುಡುಗರು ಬದುಕಿದ್ದಕ್ಕೆ ಒಂದು ಕಾರಣ ದನಗಳು. ದಾಳಿಯ ಹೊತ್ತಿಗೆ ಬಹಳಷ್ಟು ಹುಡುಗರು ಊರಾಚೆ ದನ, ಕರು, ಆಡುಗಳ ಜೊತೆ ಇದ್ದರು. ಹೊಗೆ ಕಂಡಿತು, ಓಡಿದರು. ದಾರಿಯಲ್ಲಿ ಸಿಕ್ಕ ದೊಡ್ಡವರ ಹಿಂದೆ, ಇನ್ನೊಂದು ಊರಿನ ಹುಡುಗರ ಗುಂಪಿನ ಹಿಂದೆ ಸೇರಿಕೊಂಡು ಪೂರ್ವಕ್ಕೆ ನಡೆದರು. 1987ರಿಂದ ಮುಂದೆ ಹೀಗೆ ಇಥಿಯೋಪಿಯಾದ ಶಿಬಿರಗಳನ್ನು ಮುಟ್ಟಿದ ಮಕ್ಕಳು ಸುಮಾರು 20,000 ಎಂಬ ಅಂದಾಜಿದೆ. ವಿಮಾನದ ಭಯಕ್ಕೆ ರಾತ್ರಿ ನಡಿಗೆ, ಹಗಲು ಪೊದೆಯಲ್ಲಿ ನಿದ್ದೆ. ಹಸಿದಾಗ ಸೊಪ್ಪು, ಕಾಡುಹಣ್ಣು. ಕತ್ತಲಲ್ಲಿ ತಪ್ಪಿಸಿಕೊಳ್ಳಬಾರದೆಂದು ಮುಂದಿನವನ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ಹೋಗುತ್ತಿದ್ದೆವು ಎಂದು ನನ್ನ ವಿದ್ಯಾರ್ಥಿಗಳು ಹೇಳುತ್ತಿದ್ದರು. ಸಿಂಹದ ಬಾಯಿಗೆ ಸಿಕ್ಕವರಿದ್ದರು. ಕುಳಿತವರು ಏಳದೆ ಉಳಿದದ್ದೇ ಹೆಚ್ಚು.

ಇಥಿಯೋಪಿಯಾದ ಪಿನ್ಯುಡೊ ಶಿಬಿರದಲ್ಲಿ ಕೆಲವು ವರ್ಷ ನೆಲೆ ಸಿಕ್ಕಿತು. 1991ರ ಮೇ ತಿಂಗಳಲ್ಲಿ, ಸುಡಾನಿನ ಬಂಡಾಯ ಸೇನೆಯ ಬೆನ್ನಿಗಿದ್ದ ಅಲ್ಲಿನ ಮೆಂಗಿಸ್ತು ಸರ್ಕಾರ ಉರುಳಿದ್ದೇ ತಡ, ಅಲ್ಲಿಂದಲೂ ಓಡಬೇಕಾಯಿತು. ಮಳೆಗಾಲದ ಗೀಲೊ ನದಿ, ಹಿಂದಿನಿಂದ ಗುಂಡು, ನೀರಿನಲ್ಲಿ ಮೊಸಳೆ. ಈಜು ಬಾರದ ಮಕ್ಕಳು ಕೊಚ್ಚಿಹೋದರು. ಮತ್ತೆ ಸುಡಾನಿಗೆ, ಅಲ್ಲಿಯೂ ಯುದ್ಧ ಬೆನ್ನಟ್ಟಿ ದಕ್ಷಿಣಕ್ಕೆ, ಕೊನೆಗೆ 1992ರಲ್ಲಿ ಕೆನ್ಯಾದ ಗಡಿ ದಾಟಿ ಕಕುಮಾ.

ಒಮ್ಮೆ ತರಗತಿಯಲ್ಲಿ ‘ನಾನು ಮಾಡಿದ ಪ್ರಯಾಣ’ ಎಂಬ ಪ್ರಬಂಧ ಬರೆಸಿದ್ದೆ. ಒಬ್ಬ ಹುಡುಗ ಗೀಲೊ ನದಿಗೆ ಒಂದು ಸಾಲು ಕೊಟ್ಟಿದ್ದ: ‘ಅಲ್ಲಿ ನಾವು ತುಂಬಾ ಜನ ಇದ್ದೆವು, ಆಚೆ ದಡದಲ್ಲಿ ಕಡಿಮೆ ಇದ್ದೆವು.’ ಮುಂದಿನ ಒಂದು ಪುಟ ಪೂರ್ತಿ ನದಿಯಲ್ಲಿ ಕಳೆದುಹೋದ ತನ್ನ ಅಲ್ಯೂಮಿನಿಯಂ ಬಟ್ಟಲಿನ ಬಗ್ಗೆ. ಅದರ ಅಂಚು ಎಲ್ಲಿ ನೆಗ್ಗಿತ್ತು, ಅದನ್ನು ಯಾರಿಗೆಲ್ಲ ಎರವಲು ಕೊಡುತ್ತಿದ್ದ, ಅದು ಹೋದ ಮೇಲೆ ಎಷ್ಟು ದಿನ ಎಲೆಯ ಮೇಲೆ ಗಂಜಿ ತಿಂದ, ಎಲ್ಲ ವಿವರವಾಗಿ ಬರೆದಿದ್ದ. ಅವನಿಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟೆ.

ಪ್ರಶ್ನೆ: ಇವರೆಲ್ಲ ಬಾಲ ಸೈನಿಕರೇ ಆಗಿದ್ದರು ಎಂದು ಬೇರೆಡೆ ಓದಿದ್ದೇನೆ. ನಿಮ್ಮ ಲೇಖನದಲ್ಲಿ ಆ ಮಾತೇ ಇಲ್ಲವಲ್ಲ?
— ಪತ್ರಿಕೋದ್ಯಮ ವಿದ್ಯಾರ್ಥಿನಿ, ಮೈಸೂರು

ಉತ್ತರ: ಎಲ್ಲರೂ ಆಗಿರಲಿಲ್ಲ, ಆದರೆ ಬಹಳ ಹುಡುಗರು ಆಗಿದ್ದರು. ಇಥಿಯೋಪಿಯಾದ ಶಿಬಿರಗಳ ಮೇಲೆ ಬಂಡಾಯ ಸೇನೆಯ ಹಿಡಿತವಿತ್ತು. ಓದಿನ ಜೊತೆ ಕವಾಯತು ನಡೆಯುತ್ತಿತ್ತು, ಮಕ್ಕಳ ಪಡೆಗೆ ‘ಕೆಂಪು ಸೇನೆ’ ಎಂಬ ಹೆಸರೂ ಇತ್ತು. ತಮ್ಮ ಊರು ಸುಟ್ಟವರ ವಿರುದ್ಧ ಹೋರಾಡುತ್ತೇವೆ ಎಂದೇ ಹಲವರು ಹೋದರು. ಬೇರೆ ದಾರಿ ಕಾಣದೆ ಹೋದವರೂ ಇದ್ದರು. ಹತ್ತು ಹನ್ನೆರಡು ವರ್ಷದ ಮಗುವಿನ ಹೆಗಲಿಗೆ ಬಂದೂಕು ಏರಿಸಿದ ದೊಡ್ಡವರನ್ನು, ಅವರ ಹೋರಾಟ ಎಷ್ಟೇ ನ್ಯಾಯದ್ದಾಗಿರಲಿ, ನಾನು ಕ್ಷಮಿಸಲಾರೆ.

ಎಳೆದೊಯ್ಯಲ್ಪಟ್ಟವರೂ ಉಂಟು. ಓಟಗಾರ ಲೋಪೆಜ್ ಲೊಮಾಂಗ್ ಅವರ ಹೆಸರು ನೀವು ಕೇಳಿರಬಹುದು. ಆರು ವರ್ಷದವರಿದ್ದಾಗ ಭಾನುವಾರದ ಪ್ರಾರ್ಥನೆಯ ನಡುವೆ ಬಂದೂಕುಧಾರಿಗಳು ಅವರನ್ನು ಹೊತ್ತೊಯ್ದರು. ದೊಡ್ಡ ಹುಡುಗರು ಮೂವರು ಬೇಲಿಯ ಸಂದಿಯಿಂದ ಅವರನ್ನು ಪಾರುಮಾಡಿ ಕೆನ್ಯಾಕ್ಕೆ ಓಡಿಸಿಕೊಂಡು ಬಂದರು. ಕಕುಮಾದಲ್ಲಿ ಬೆಳೆದರು, 2000ರ ಸಿಡ್ನಿ ಒಲಿಂಪಿಕ್ಸ್ ನಡೆದಾಗ ದೂರ ನಡೆದುಹೋಗಿ, ಐದು ಷಿಲಿಂಗ್ ಕೊಟ್ಟು, ಕಪ್ಪುಬಿಳುಪು ಟಿ.ವಿ.ಯಲ್ಲಿ ಮೈಕಲ್ ಜಾನ್ಸನ್ ಓಟ ನೋಡಿದರು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಮೆರಿಕ ತಂಡದ ಧ್ವಜ ಹಿಡಿದವರು ಅವರೇ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಹೆತ್ತವರಿಲ್ಲದ ಅಷ್ಟು ಹುಡುಗರನ್ನು ಶಾಲೆಗೆ ಬರುವಂತೆ ಮಾಡಿದ್ದು ಹೇಗೆ? ಮನೆಯಲ್ಲಿ ಅವರನ್ನು ಯಾರು ನೋಡಿಕೊಳ್ಳುತ್ತಿದ್ದರು?
— ಶಿಕ್ಷಕಿ, ಸಿಂಧನೂರು

ಉತ್ತರ: ಬರುವಂತೆ ನಾವು ಮಾಡಬೇಕಿರಲಿಲ್ಲ. ಅವರನ್ನು ಮನೆಗೆ ಕಳಿಸುವುದೇ ಕಷ್ಟವಾಗಿತ್ತು.

ನೋಡಿಕೊಂಡವರು ಅವರೇ. ಕೆಲವು ಹುಡುಗರು ಸೇರಿ ಒಂದು ಗುಡಿಸಲು, ಅದೇ ಒಂದು ಸಂಸಾರ. ಹದಿನೈದು ದಿನಕ್ಕೊಮ್ಮೆ ಪಡಿತರ: ಜೋಳ ಇಲ್ಲವೇ ಮೆಕ್ಕೆಜೋಳ, ಬೇಳೆಕಾಳು, ಸ್ವಲ್ಪ ಎಣ್ಣೆ, ಉಪ್ಪು. ಕಾಳು ಹಾಗೆಯೇ ತಿನ್ನಲಾಗುವುದಿಲ್ಲ, ಬೀಸಿಸಬೇಕು. ಬೀಸಿಸಲು ದುಡ್ಡಿಲ್ಲ. ಆದ್ದರಿಂದ ಕಾಳಿನಲ್ಲೇ ಒಂದು ಪಾಲು ಮಾರಬೇಕು. ಸೌದೆಯನ್ನು ಸ್ಥಳೀಯ ತುರ್ಕಾನಾ ಹೆಂಗಸರು ತರುತ್ತಿದ್ದರು; ಅದಕ್ಕೂ ಕಾಳೇ ಕೊಡಬೇಕು. ಇದೆಲ್ಲ ಕಳೆದು ಉಳಿದದ್ದನ್ನು ಹದಿನೈದು ದಿನಕ್ಕೆ ಹಂಚುವ ಲೆಕ್ಕವನ್ನು ಹನ್ನೆರಡು ವರ್ಷದ ಹುಡುಗ ಮಾಡುತ್ತಿದ್ದ. ಭಿನ್ನರಾಶಿ ಕಲಿಸಲು ಹೋದಾಗ ಅವರಿಗೆ ಅದು ಮೊದಲೇ ಬರುತ್ತಿತ್ತು, ಬರೆಯುವ ಕ್ರಮ ಮಾತ್ರ ಗೊತ್ತಿರಲಿಲ್ಲ.

ದಿನಕ್ಕೆ ಒಂದೇ ಊಟ, ಅದೂ ಸಂಜೆ. ಅಡುಗೆ ಸರದಿಯ ಮೇಲೆ. ಸರದಿ ಬಂದವನು ಮಧ್ಯಾಹ್ನದ ತರಗತಿ ತಪ್ಪಿಸಿಕೊಳ್ಳುತ್ತಿದ್ದ. ಅವನ ಪಾಠ ಬಿಟ್ಟುಹೋಗದಿರಲೆಂದು ಗುಡಿಸಿಲಿನವರು ರಾತ್ರಿ ಅವನನ್ನು ಕೂರಿಸಿಕೊಂಡು ಇಡೀ ಪಾಠ ಒಪ್ಪಿಸುತ್ತಿದ್ದರು. ಈ ಏರ್ಪಾಟನ್ನು ನಾನು ಹೇಳಿಕೊಟ್ಟದ್ದಲ್ಲ, ಯಾವ ಸಂಸ್ಥೆಯೂ ಹೇಳಿಕೊಟ್ಟದ್ದಲ್ಲ. ಇಥಿಯೋಪಿಯಾದಲ್ಲಿ ಮರದಡಿ ಕುಳಿತು, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ ಕಾಲದಿಂದ ಅವರು ಹಾಗೆಯೇ ಕಲಿತಿದ್ದರು. ಜಗತ್ತು ಇವರನ್ನು ‘ಕಳೆದುಹೋದ ಹುಡುಗರು’ ಎಂದು ಕರೆಯಿತು. ನಾನು ಕಂಡದ್ದು ಒಬ್ಬರನ್ನೊಬ್ಬರು ಕಳೆದುಕೊಳ್ಳದಂತೆ ಹಗಲಿರುಳು ಕಾದುಕೊಂಡ ಮಕ್ಕಳನ್ನು.

ತರಗತಿಯಲ್ಲಿ ನೂರಕ್ಕೂ ಮೀರಿ ಮಕ್ಕಳು. ಮಣ್ಣಿಟ್ಟಿಗೆಯ ಗೋಡೆ, ಹೊರಗೆ 40 ಡಿಗ್ರಿ ಮುಟ್ಟುವ ಬಿಸಿಲು. ದೂಳಿನ ಗಾಳಿ ಎದ್ದರೆ ಕಪ್ಪು ಹಲಗೆ ಕಾಣುತ್ತಿರಲಿಲ್ಲ. ಆಗ ಬಾಯಿಲೆಕ್ಕ ಹೇಳಿಸುತ್ತಿದ್ದೆ. ಒಂದು ಪೆನ್ಸಿಲನ್ನು ಹಲ್ಲಿನಿಂದ ಕಡಿದು ಇಬ್ಬರು ಹಂಚಿಕೊಳ್ಳುತ್ತಿದ್ದರು. ಮಳೆ ಬಂದು ತಾರಾಚ್ ಹಳ್ಳದಲ್ಲಿ ಹಸಿ ಮಣ್ಣು ಸಿಕ್ಕರೆ ಚಿಕ್ಕವರು ಎತ್ತುಗಳನ್ನು ಮಾಡಿ ಕಿಟಕಿಯ ಅಂಚಿನಲ್ಲಿ ಒಣಗಿಸುತ್ತಿದ್ದರು. ಕೊಂಬು ಎಷ್ಟು ಬಾಗಬೇಕು ಎಂಬುದರ ಮೇಲೆ ಜಗಳವಾಗುತ್ತಿತ್ತು. ಅವರಲ್ಲಿ ಕೆಲವರು ನಿಜವಾದ ಎತ್ತನ್ನು ಕಂಡು ಎಷ್ಟೋ ವರ್ಷವಾಗಿತ್ತು.

ನಿಮ್ಮ ಶಾಲೆಗೆ ಗುಳೆ ಹೋಗಿ ಬಂದ ಮಕ್ಕಳು ಬರುತ್ತಾರೆಂದು ಬರೆದಿದ್ದೀರಿ. ಅವರಿಗೆ ಪಾಠ ಬಿಟ್ಟುಹೋಗಿರುತ್ತದೆ, ಆದರೆ ಅವರಿಗೆ ಗೊತ್ತಿರುವುದೂ ಬಹಳ ಇರುತ್ತದೆ. ಮೊದಲ ವಾರ ಅದನ್ನು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ನಾನು ಮಾಜಿ ಸೈನಿಕ. ನಮ್ಮವರು ಅಲ್ಲಿ ಶಾಂತಿಪಾಲನೆಗೆ ಹೋಗಿದ್ದರಲ್ಲವೇ?
— ಓದುಗರು, ಮಡಿಕೇರಿ

ಉತ್ತರ: ಹೌದು. 2013ರ ಏಪ್ರಿಲಿನಲ್ಲಿ ಜೊಂಗ್ಲೆ ರಾಜ್ಯದಲ್ಲಿ ಬೆಂಗಾವಲು ಪಡೆಯ ಮೇಲೆ ನಡೆದ ದಾಳಿಯಲ್ಲಿ ಭಾರತದ ಐವರು ಸೈನಿಕರು ಮಡಿದರು. ಅದೇ ಡಿಸೆಂಬರ್ 19ರಂದು ಅಕೋಬೊದ ವಿಶ್ವಸಂಸ್ಥೆಯ ನೆಲೆಯಲ್ಲಿ ಆಶ್ರಯ ಪಡೆದಿದ್ದ ನಾಗರಿಕರನ್ನು ಕೊಲ್ಲಲು ಗುಂಪು ನುಗ್ಗಿದಾಗ ಮತ್ತಿಬ್ಬರು ಪ್ರಾಣ ಕೊಟ್ಟರು. ನಮ್ಮ ಪತ್ರಿಕೆಗಳಲ್ಲಿ ಈ ಸುದ್ದಿಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ ಎಂದು ನನಗೆ ಈಗಲೂ ಸಂಕಟವಿದೆ.

ಪ್ರಶ್ನೆ: ನಿಮ್ಮ ಲೇಖನದ ತುಂಬ ಹುಡುಗರೇ ಇದ್ದಾರೆ. ಹೆಣ್ಣುಮಕ್ಕಳು ಏನಾದರು?
— ಗೃಹಿಣಿ, ಹಾಸನ

ಉತ್ತರ: ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ನಿಮಗೆ ಕೃತಜ್ಞಳು. ಹೆಣ್ಣುಮಕ್ಕಳೂ ನಡೆದರು. ಅದೇ ದಾರಿ, ಅದೇ ನದಿ. ಆದರೆ ಕಕುಮಾ ತಲುಪಿದಾಗ ಹುಡುಗರನ್ನು ಗುಂಪಾಗಿ ಇರಿಸಿದರು, ಹುಡುಗಿಯರನ್ನು ಸಂಪ್ರದಾಯದಂತೆ ಯಾವುದಾದರೂ ಕುಟುಂಬಕ್ಕೆ ಒಪ್ಪಿಸಿದರು. ಉದ್ದೇಶ ಒಳ್ಳೆಯದೇ. ಕೆಲವರಿಗೆ ನಿಜವಾದ ತಾಯಿ ಸಿಕ್ಕಿದರು. ಬಹಳ ಹುಡುಗಿಯರಿಗೆ ಸಿಕ್ಕಿದ್ದು ನೀರಿನ ಕ್ಯಾನು, ಬೀಸುವ ಕಲ್ಲು, ಆ ಮನೆಯ ಕೂಸುಗಳು. ಡಿಂಕಾ, ನುಯೆರ್ ಮದುವೆಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ದನ ಕೊಡಬೇಕು. ಸಾಕಿದ ಮನೆಗೆ ಆ ಹುಡುಗಿ ಬರಲಿರುವ ದನಗಳಾಗಿ ಕಂಡಳು.

ಕುಟುಂಬದೊಳಗೆ ಸೇರಿಕೊಂಡದ್ದರಿಂದ ‘ಜೊತೆಗೆ ಯಾರೂ ಇಲ್ಲದ ಮಕ್ಕಳು’ ಎಂಬ ಪಟ್ಟಿಯಲ್ಲಿ ಅವರ ಹೆಸರೇ ಉಳಿಯಲಿಲ್ಲ. 2000 ಮತ್ತು 2001ರಲ್ಲಿ ಅಮೆರಿಕ ಈ ಮಕ್ಕಳಿಗೆ ನೆಲೆ ಕೊಡಲು ಮುಂದೆ ಬಂದಾಗ ಹೋದ ಹುಡುಗರು ಸುಮಾರು 3,800. ಹುಡುಗಿಯರು 89. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ವಿಮಾನಕ್ಕೆ ಆಯ್ಕೆಯಾದವರ ಹೆಸರು ಸೂಚನಾ ಫಲಕದಲ್ಲಿ ಅಂಟಿಸುತ್ತಿದ್ದರು. ಅದರ ಮುಂದೆ ಹುಡುಗರ ನೂಕುನುಗ್ಗಲು. ಹುಡುಗಿಯರು ನೋಡಲೂ ಬರುತ್ತಿರಲಿಲ್ಲ.

ನನ್ನ ತರಗತಿಯಲ್ಲಿ ಒಬ್ಬಳಿದ್ದಳು. ಬೆಳಗಿನ ನೀರು ತುಂಬಿಸಿ, ಸಾಕಿದ ಮನೆಯ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಮೊದಲ ಗಂಟೆ ಮುಗಿದ ಮೇಲೆ ಬರುತ್ತಿದ್ದಳು. ಮಗು ಅತ್ತರೆ ಎದ್ದು ಹೊರಗೆ ನಿಂತು ಕಿಟಕಿಯಿಂದ ಪಾಠ ಕೇಳುತ್ತಿದ್ದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಆರನೆಯ ತರಗತಿಯ ನಡುವೆ ಮದುವೆ ಮಾಡಿ ಗಡಿಯಾಚೆ ಕಳಿಸಿದರು. 2005ರ ಜನವರಿಯಲ್ಲಿ ಶಾಂತಿ ಒಪ್ಪಂದವಾಯಿತು, 2011ರ ಜುಲೈ 9ರಂದು ದಕ್ಷಿಣ ಸುಡಾನ್ ಸ್ವತಂತ್ರ ದೇಶವಾಯಿತು. 2013ರಲ್ಲಿ ಮತ್ತೆ ಯುದ್ಧ ಶುರುವಾದಾಗ ಅವಳು ತನ್ನ ಮಕ್ಕಳನ್ನು ಕಟ್ಟಿಕೊಂಡು ಅದೇ ಕಕುಮಾಕ್ಕೆ ಬಂದಳು. ಹಿರಿಯ ಮಗಳು ಈಗ ನೈರೋಬಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳ ಶುಲ್ಕದ ಅರ್ಧವನ್ನು ಅಮೆರಿಕದ ಒಮಾಹಾ ನಗರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು, ಒಂದೇ ಗುಡಿಸಿಲಿನಲ್ಲಿ ಉಂಡವರು, ಸರದಿಯ ಮೇಲೆ ಕಟ್ಟುತ್ತಿದ್ದಾರೆ.